ಘಾನಾದ ಕೋಕೋ, ನವಲಗುಂದದ ನೀರು

ಧಾರವಾಡದ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಕಳೆದ ಸೆಮಿಸ್ಟರ್‌ನಲ್ಲಿ ಎಂ.ಎ. ವಿದ್ಯಾರ್ಥಿನಿಯೊಬ್ಬಳು ಪ್ರಾಜೆಕ್ಟಿನ ವಿಷಯ ಬರೆದುಕೊಂಡು ಬಂದಳು. ‘ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಪ್ರಜಾಪ್ರಭುತ್ವದ ಸಮಸ್ಯೆಗಳು’. ಕೆಳಗೆ ಹನ್ನೆರಡು ದೇಶಗಳ ಪಟ್ಟಿ. ಕೈಯಲ್ಲಿದ್ದದ್ದು ಹತ್ತೇ ವಾರ.

ಹಿಂದೊಮ್ಮೆ ಇಂಥದ್ದಕ್ಕೆ ನಾನು ಹೂಂ ಅಂದಿದ್ದೆ. ಆ ಹುಡುಗ ದೇಶಕ್ಕೆರಡು ಪುಟ ಬರೆದ. ಬಡತನ, ಭ್ರಷ್ಟಾಚಾರ, ಸೇನಾ ದಂಗೆ ಅಂತ ಮೂರು ಮಾತನ್ನು ಎಲ್ಲ ದೇಶಕ್ಕೂ ಅಂಟಿಸಿದ. ತಪ್ಪು ಅವನದಲ್ಲ, ನನ್ನದು. ಅದಕ್ಕೇ ಈ ಸಲ ಪಟ್ಟಿ ಪಕ್ಕಕ್ಕಿಟ್ಟು ಕೇಳಿದೆ, “ನಿಮ್ಮ ಮನ್ಯಾಗ ಸರ್ಕಾರದ ಬಗ್ಗೆ ಯಾವ ಮಾತು ಜಾಸ್ತಿ ಆಗತೈತಿ?”

ಅವಳು ನವಲಗುಂದ ತಾಲ್ಲೂಕಿನವಳು. “ಸರ್, ನಮ್ಮಜ್ಜ ಲೆವಿ ನೋಟಿಸ್ ಇನ್ನೂ ಟ್ರಂಕಿನ್ಯಾಗ ಇಟ್ಟಾನ್ರೀ” ಅಂದಳು.

ಮರುವಾರ ತಂದು ತೋರಿಸಿದಳು. ಮಡಿಕೆ ಬಿದ್ದಲ್ಲೆಲ್ಲ ಕಾಗದ ಹರಿದಿತ್ತು. ಹಿಂದೆ ಹಳೇ ಪೇಪರಿನ ಚೂರು ಅಂಟಿಸಿ ಗಟ್ಟಿ ಮಾಡಿದ್ದರು. ಮಲಪ್ರಭಾ ನೀರಾವರಿಯಿಂದ ಜಮೀನಿನ ಬೆಲೆ ಏರಿತು ಅಂತ ರೈತರ ಮೇಲೆ ಹಾಕಿದ ಬೆಟರ್‌ಮೆಂಟ್ ಲೆವಿ ಅದು. ಕಾಲುವೆ ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಬಂದಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಎದ್ದು ನಿಂತದ್ದು, ಗೋಲಿಬಾರ್ ಆಗಿ ಜೀವ ಹೋದದ್ದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ?

ಇದಕ್ಕೆ ಜೋಡಿಯಾಗಿ ಒಂದೇ ದೇಶ ಸಾಕು ಅಂದೆ. ಹುಡುಕಿ ಘಾನಾ ಆರಿಸಿದೆವು. 1957ರಲ್ಲಿ ಸ್ವತಂತ್ರವಾದ ದೇಶ, ಅದರ ಬಂಗಾರದಂಥ ಬೆಳೆ ಕೋಕೋ. ಬೆಳೆದವನು ಅದನ್ನು ಸರ್ಕಾರಿ ಮಾರ್ಕೆಟಿಂಗ್ ಬೋರ್ಡಿಗೇ ಕೊಡಬೇಕಿತ್ತು. ಬೋರ್ಡು ಕಡಿಮೆ ದರ ಕೊಟ್ಟು ಹೊರದೇಶಕ್ಕೆ ಹೆಚ್ಚಿಗೆ ಮಾರುತ್ತಿತ್ತು. ನಡುವಿನ ದುಡ್ಡಿನ ದೊಡ್ಡ ಪಾಲು ಸರ್ಕಾರಕ್ಕೆ.

ಪುಸ್ತಕಗಳೆಲ್ಲ ಇಂಗ್ಲಿಷಿನವು. ಎರಡು ಸಲ ಓದಿದರೂ ಅವಳಿಗೆ ತಲೆಗೆ ಹತ್ತಲಿಲ್ಲ. ಆಗ ಬ್ಯಾಡಗಿ ಮಾರ್ಕೆಟ್ ನೆನಪು ಮಾಡಿದೆ. ಅಲ್ಲಿ ಒಂದು ಲಾಟ್ ಮೆಣಸಿನಕಾಯಿಗೆ ಹಲವು ಖರೀದಿದಾರರು ಟೆಂಡರ್ ಹಾಕುತ್ತಾರೆ, ಅಲ್ವಾ? ಅವರೆಲ್ಲರನ್ನೂ ಎಬ್ಬಿಸಿ ಕಳಿಸು. ಒಬ್ಬನೇ ಕುಂತಿದ್ದಾನೆ, ಅವನೇ ಸರ್ಕಾರ. ಅವಳು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಆಮೇಲೆ ಗಡಗಡ ಅರ್ಧ ಪುಟ ಬರೆದಳು. ಆ ಅರ್ಧ ಪುಟವೇ ಮುಂದೆ ಎರಡನೇ ಅಧ್ಯಾಯವಾಯಿತು.

ಪ್ರಶ್ನೆ ತಾನಾಗಿಯೇ ಮೂಡಿತು. ಅಭಿವೃದ್ಧಿಯ ಹೆಸರಲ್ಲಿ ಸರ್ಕಾರ ರೈತನಿಂದ ಹಣ ಎತ್ತಿದರೆ, ರೈತನಿಗೆ ಯಾವ ದಾರಿ ಉಳಿಯುತ್ತದೆ? ಘಾನಾ 1964ರಲ್ಲಿ ಏಕಪಕ್ಷದ ದೇಶವಾಯಿತು. ವೋಟಿನ ದಾರಿ ಮುಚ್ಚಿತು. ದರ ಗಿಟ್ಟದೆ ಹೋದಾಗ ಕೋಕೋ ಚೀಲಗಳು ಕಳ್ಳದಾರಿಯಲ್ಲಿ ಗಡಿ ದಾಟಿ ಐವರಿ ಕೋಸ್ಟ್, ಟೋಗೋ ಸೇರಿದವು. ನಮ್ಮಲ್ಲಿ ಹೊಲವನ್ನು ಹೊತ್ತು ಗಡಿ ದಾಟಲು ಆಗುವುದಿಲ್ಲ. ಬೀದಿ ಇತ್ತು, ಬ್ಯಾಲೆಟ್ ಇತ್ತು.

ವಾರಗಳ ಲೆಕ್ಕ ಸರಳ. ಪ್ರಶ್ನೆಗೆ ಎರಡು, ಓದಿಗೆ ನಾಲ್ಕು, ಬರೆಯಲು ಮೂರು, ತಿದ್ದಲು ಒಂದು. ಪೀಠಿಕೆ ಕೊನೆಗೆ ಬರೆ ಅಂದೆ. ಮೊದಲೇ ಬರೆದರೆ ಸುಮ್ನೆ ದೊಡ್ಡ ಮಾತು ತುಂಬುತ್ತವೆ.

ಒಂದೇ ಕಡೆ ನಮಗೆ ವಾದ ಆಯಿತು. 1983ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಮೊದಲ ಸಲ ಅಧಿಕಾರ ಕಳೆದುಕೊಂಡದ್ದು ಈ ಬಂಡಾಯದಿಂದಲೇ ಅಂತ ಅವಳು ಬರೆದಿದ್ದಳು. ಗೋಕಾಕ್ ಚಳವಳಿ ಎಲ್ಲಿ ಹೋಯಿತು ಅಂತ ಕೇಳಿದೆ. ಅವಳಿಗೆ ಬೇಜಾರಾಯಿತು, ಅಜ್ಜನ ಮಾತು ಅದು. ನಾನು ಬಿಡಲಿಲ್ಲ. ಎರಡು ದಿನ ಬಿಟ್ಟು “ಹಲವು ಕಾರಣಗಳಲ್ಲಿ ಒಂದು” ಎಂದು ತಿದ್ದಿಕೊಂಡು ಬಂದಳು. ಅಜ್ಜ ಹೇಳಿದ್ದನ್ನು ಅಜ್ಜನ ಮಾತಾಗಿಯೇ ಬೇರೆ ಪ್ಯಾರಾದಲ್ಲಿ ಇಟ್ಟಿದ್ದಳು. ಅದು ಹಾಗೇ ಇರಲಿ ಅಂದೆ.

ಈ ಸಲ ಒಬ್ಬ ಹುಡುಗ ಬೋಟ್ಸ್‌ವಾನಾ ಹಿಡಿದಿದ್ದಾನೆ. 1966ರಿಂದ ಆಳಿದ ಒಂದೇ ಪಕ್ಷ 2024ರಲ್ಲಿ ಸೋತ ದೇಶ. ಅವನು ಗದಗ ಕಡೆಯವನು. ಅವನ ಮನೆಯ ಟ್ರಂಕಿನಲ್ಲಿ ಏನಿದೆ ಅಂತ ಇನ್ನೂ ಕೇಳಬೇಕು.