ಎರಡು ಎನ್‌ಟಿಪಿ ಸರ್ವರ್ ಯಾಕೆ ಸಾಲದು: ಲಾಗಿನ್ ತೊಂದರೆ ಸರಿಹೋದ ಬಗೆ

ಪಾಸ್‌ವರ್ಡ್ ಸರಿಯಿದ್ದರೂ ಕೆಲವು ಯಂತ್ರಗಳಲ್ಲಿ ಲಾಗಿನ್ ಆಗುತ್ತಿರಲಿಲ್ಲ. ಕಾರಣ ಗಡಿಯಾರ: ಆಕ್ಟಿವ್ ಡೈರೆಕ್ಟರಿಯಲ್ಲಿ (ವಿಂಡೋಸ್ ಜಾಲದ ಖಾತೆಗಳ ವ್ಯವಸ್ಥೆ) ಲಾಗಿನ್ ಪರಿಶೀಲಿಸುವ ಕೆರ್ಬರೋಸ್, ಯಂತ್ರ ಮತ್ತು ಸರ್ವರ್ ಗಡಿಯಾರಗಳ ನಡುವೆ ಡೀಫಾಲ್ಟ್ ಆಗಿ 5 ನಿಮಿಷಕ್ಕಿಂತ ಹೆಚ್ಚಿನ ಸಮಯವ್ಯತ್ಯಾಸ ಒಪ್ಪುವುದಿಲ್ಲ.

ನಮ್ಮ ಜಾಲದೊಳಗಿದ್ದ ಎನ್‌ಟಿಪಿ ಸರ್ವರ್‌ಗಳು, ಅಂದರೆ ಉಳಿದ ಯಂತ್ರಗಳಿಗೆ (ಕ್ಲೈಂಟ್‌ಗಳಿಗೆ) ಸರಿಯಾದ ಸಮಯ ಹೇಳುವ ಸರ್ವರ್‌ಗಳು, ಎರಡೇ. ಎರಡೂ ಬೇರೆಬೇರೆ ಸಮಯ ಹೇಳಿದರೆ ಸುಳ್ಳು ಯಾವುದೆಂದು ಕ್ಲೈಂಟ್‌ಗೆ ಗೊತ್ತಾಗುವುದಿಲ್ಲ, ಬಹುಮತವೇ ಇಲ್ಲವಲ್ಲ! ಎರಡನ್ನೂ ಬಿಟ್ಟು ತನ್ನ ಪಾಡಿಗೆ ಓಡುತ್ತದೆ. ಸಾಲದ್ದಕ್ಕೆ ಒಂದು ಸರ್ವರ್ ವರ್ಚುವಲ್ ಯಂತ್ರ. ಅದರ ಗಡಿಯಾರವನ್ನು ಹೈಪರ್‌ವೈಸರ್ (ವರ್ಚುವಲ್ ಯಂತ್ರಗಳನ್ನು ನಡೆಸುವ ತಂತ್ರಾಂಶ) ಒಂದು ಕಡೆ, ಕ್ರೋನಿ (ಎನ್‌ಟಿಪಿ ತಂತ್ರಾಂಶ) ಇನ್ನೊಂದು ಕಡೆ ಎಳೆಯುತ್ತಿದ್ದವು.

ಈಗ ನಾಲ್ಕು ಭೌತಿಕ ಸರ್ವರ್‌ಗಳಿವೆ. ಒಂದು ಬಿದ್ದರೂ ಮೂರು ಉಳಿಯುತ್ತವೆ, ಬಹುಮತಕ್ಕೆ ಅಷ್ಟು ಸಾಕು. ಪ್ರತಿಯೊಂದಕ್ಕೂ ಹೊರಗಿನ ನಾಲ್ಕು ಮೂಲಗಳು. ಲೀಪ್ ಸೆಕೆಂಡನ್ನು (ಗಡಿಯಾರಕ್ಕೆ ಅಪರೂಪಕ್ಕೆ ಸೇರಿಸುವ ಒಂದು ಸೆಕೆಂಡ್) ಹಲವು ಗಂಟೆಗಳಿಗೆ ಹರಡಿ ಹಂಚುವ ಗೂಗಲ್ ಸರ್ವರ್‌ಗಳನ್ನು ಉಳಿದವುಗಳ ಜೊತೆ ಬೆರೆಸಲೇಬಾರದು. ಕ್ಲೈಂಟ್‌ಗಳಲ್ಲಿ ನಾಲ್ಕರ ಹೆಸರನ್ನೂ ಐಬರ್ಸ್ಟ್ (ಶುರುವಿನಲ್ಲಿ ಬೇಗಬೇಗ ಸಮಯ ಕೇಳುವ ಆಯ್ಕೆ) ಸಮೇತ ಬರೆದು, ಕ್ರೋನಿಯ ಮೇಕ್‌ಸ್ಟೆಪ್ 1.0 3 ಇಟ್ಟಿದೆ: ಮೊದಲ ಮೂರು ಅಪ್‌ಡೇಟ್‌ಗಳಲ್ಲಿ ವ್ಯತ್ಯಾಸ 1 ಸೆಕೆಂಡ್ ಮೀರಿದರೆ ಗಡಿಯಾರ ಒಮ್ಮೆಲೇ ಜಿಗಿಯುತ್ತದೆ, ಆಮೇಲೆ ನಿಧಾನವಾಗಿ ಮಾತ್ರ ಸರಿಯಾಗುತ್ತದೆ. ಡೇಟಾಬೇಸ್‌ಗಳಿಗೆ ಇದೇ ಕ್ಷೇಮ.

ವರ್ಚುವಲ್ ಯಂತ್ರಗಳಲ್ಲಿ ಹೈಪರ್‌ವೈಸರ್‌ನ ನಿಯತ ಸಮಯ ಸಿಂಕ್ ಬಂದ್. ವಿಂಡೋಸ್ ಡೊಮೈನ್‌ನಲ್ಲಿ ಪಿಡಿಸಿ ಎಮ್ಯುಲೇಟರ್ (ಡೊಮೈನ್‌ಗೆ ಸಮಯ ಹೇಳುವ ಮುಖ್ಯ ಸರ್ವರ್) ಮಾತ್ರ ಈ ನಾಲ್ಕನ್ನು ಕೇಳುತ್ತದೆ, ಉಳಿದವು ಡೊಮೈನ್ ಶ್ರೇಣಿಯನ್ನೇ ನಂಬುತ್ತವೆ.

ಎಡವಿದ್ದು ಒಂದೇ ಕಡೆ. ಫೈರ್‌ವಾಲ್‌ನಲ್ಲಿ ಎನ್‌ಟಿಪಿ ಬಳಸುವ ಯುಡಿಪಿ 123 ಪೋರ್ಟ್ ತೆರೆದಿದ್ದರೂ ಸರ್ವರ್ ಉತ್ತರಿಸಲಿಲ್ಲ. ಕ್ರೋನಿಯಲ್ಲಿ ‘ಅಲೌ’ ಸಾಲನ್ನೇ ಬರೆಯದಿದ್ದರೆ ಅದು ಬೇರೆ ಯಾವ ಯಂತ್ರಕ್ಕೂ ಸಮಯ ಕೊಡುವುದಿಲ್ಲ. ಈಗ ಕ್ರೋನಿಯ ಸೋರ್ಸಸ್ (ಸಮಯದ ಮೂಲಗಳ) ಪಟ್ಟಿಯಲ್ಲಿ ರೀಚ್ 377 ಕಂಡರೆ ಕಡೆಯ ಎಂಟೂ ಪ್ರಶ್ನೆಗಳಿಗೆ ಉತ್ತರ ಬಂದಿದೆ ಎಂದರ್ಥ.