ಪಬ್ಲಿಕ್ ಪಾಲಿಸಿ ಕೋರ್ಸಿಗೆ ಅರ್ಜಿಯೇ? ಅಣೆಕಟ್ಟು ಬಿಡಿ, ಉತಾರ ನೋಡಿ

ಚಳಿ ಶುರುವಾದರೆ ಬಾಗಲಕೋಟೆ ನವನಗರದ ನಮ್ಮ ಮನೆಗೆ ನಾಲ್ಕೈದು ಮಂದಿ ಎಸ್‌ಒಪಿ ತಿದ್ದಿಸಲು ಬರುತ್ತಾರೆ. ಪಬ್ಲಿಕ್ ಪಾಲಿಸಿ, ಅಂದರೆ ಸರ್ಕಾರದ ನೀತಿ-ನಿಯಮಗಳ ವಿಷಯ, ಯಾಕೆ ಓದಬೇಕು ಅಂತ ಎರಡು ಪುಟ ಬರೆಯಬೇಕಲ್ವಾ, ಅದು. ಅರ್ಧ ಜನ ‘ಬಾಲ್ಯದಿಂದಲೂ ಸಮಾಜಸೇವೆಯ ಕನಸು’ ಎಂದು ಶುರು ಮಾಡುತ್ತಾರೆ. ಉಳಿದವರು ಆಲಮಟ್ಟಿ ಅಣೆಕಟ್ಟಿನಿಂದ.

ಮೊದಲು ಪರೀಕ್ಷೆ ನೋಡಿಕೊಳ್ಳಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿಗೆ ಎನ್‌ಎಲ್‌ಸ್ಯಾಟ್, ಟಾಟಾ ಸಮಾಜ ವಿಜ್ಞಾನ ಸಂಸ್ಥೆಗೆ (ಟಿಸ್) ಸಿಯುಇಟಿ-ಪಿಜಿ. ಹೊರದೇಶದ ಬಹಳಷ್ಟು ಕಡೆ ಎಸ್‌ಒಪಿ, ಶಿಫಾರಸು ಪತ್ರಗಳಿಗೇ ತೂಕ ಜಾಸ್ತಿ. ಕೊನೆ ದಿನಾಂಕ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿಡಿ. ಒಂದು ಸಂಜೆಯ ಕೆಲಸ.

ಎಡವುವುದು ಎಸ್‌ಒಪಿಯಲ್ಲಿ. ಆಲಮಟ್ಟಿಯ ಎತ್ತರ 519.60ರಿಂದ 524.256 ಮೀಟರಿಗೆ ಏರಿದರೆ ಊರು ಮುಳುಗುತ್ತವೆ, ಅನ್ಯಾಯ ಅಂತ ಬರೆದರೆ ಅದು ಭಾಷಣ. ಒಂದು ತೊಂದರೆಯ ಬೆನ್ನು ಹತ್ತಿ, ಅದರ ಹಿಂದಿರುವ ನಿಯಮದ ತನಕ ನೀವು ಹೋಗಬಲ್ಲಿರಾ? ಸೀಟು ಕೊಡುವವರು ನೋಡುವುದು ಅದನ್ನು.

ಹೋದ ವರ್ಷ ಒಬ್ಬ ಹುಡುಗಿ ಇಂಥದೇ ಭಾಷಣ ತಂದಿದ್ದಳು. ‘ನಿಮ್ಮದು ಎಷ್ಟು ಹೊಲ ಹೋಗುತ್ತದೆ?’ ಎಂದೆ. ‘ಹೊಲಾನ ಇಲ್ರಿ ಸರ್. ನಮ್ಮ ಆಯಿ ಮಂದಿ ಹೊಲಕ್ಕ ಕೂಲಿಗೆ ಹೋಗ್ತಾಳ್ರಿ.’ ಅದನ್ನು ಬಿಟ್ಟು ಮೀಟರ್ ಲೆಕ್ಕ ಬರೆದಿದ್ದಳು!

2013ರ ಭೂಸ್ವಾಧೀನ ಕಾಯ್ದೆಯಲ್ಲಿ ಹೊಲ ಇಲ್ಲದ ಕೂಲಿಯವರೂ ಸಂತ್ರಸ್ತರೇ. ಆದರೆ ಭೂಮಿ ಹೋಗುವ ಮುಂಚಿನ ಮೂರು ವರ್ಷ ಅಲ್ಲಿ ದುಡಿದಿರಬೇಕು, ಅದೇ ಮುಖ್ಯ ಜೀವನಾಧಾರ ಆಗಿರಬೇಕು. ಹೊಲದವರ ಹತ್ತಿರ ಉತಾರ, ಅಂದರೆ ಪಹಣಿ, ಇದೆ. ಆ ಹುಡುಗಿಯ ಆಯಿ, ಅಂದರೆ ಅಜ್ಜಿ, ಏನು ತೋರಿಸಬೇಕು? ಕೂಲಿಗೆ ರಸೀದಿ ಕೊಡುವವರು ಯಾರು? ಉದ್ಯೋಗ ಖಾತ್ರಿ ಕಾರ್ಡಿನಲ್ಲಿ ಮಂದಿ ಹೊಲದ ದುಡಿಮೆ ಬರುವುದಿಲ್ಲ. ಗ್ರಾಮಸಭೆ ಹೌದು ಎಂದರೆ ಸಾಕು ಅಂತ ಮಾಡಿದರೆ, ಊರಲ್ಲಿ ಮಾತು ನಡೆಯುವವರ ಕಡೆಯವರೇ ಪಟ್ಟಿ ತುಂಬಬಹುದು. ಹೀಗೆ ಕಾಗದ, ಗ್ರಾಮಸಭೆ ಅಂತ ಎರಡು ದಾರಿ ಹಿಡಿಯಿರಿ, ಎರಡರ ಕುಂದನ್ನೂ ಹೇಳಿ, ಯಾವುದು ವಾಸಿ ಅಂತ ನಿಮ್ಮ ಮಾತು ಬರೆಯಿರಿ.

ಅವಳು ತನ್ನ ಓಣಿಯ ಹತ್ತು ಮನೆ ತಿರುಗಿ, ಯಾರ ಹತ್ತಿರ ಯಾವ ಕಾಗದ ಇದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಳು. ಹತ್ತು ಮನೆ ಎಂದರೆ ಹತ್ತೇ ಮನೆ ಅಂತ ಬರೆಯಿರಿ. ‘ಸಮೀಕ್ಷೆ ನಡೆಸಿದೆ’ ಅಂತ ಉಬ್ಬಿಸಬೇಡಿ.

ಮೊದಲ ಸಲ ಕನ್ನಡದಲ್ಲೇ ಬರೆಯಿರಿ. ಇದರಲ್ಲಿ ನಾನು ಹಟಮಾರಿ. ಇಂಗ್ಲಿಷಿನಲ್ಲಿ ಶುರು ಮಾಡಿದರೆ ದೊಡ್ಡ ದೊಡ್ಡ ಪದ ಬಂದು ಕೂತು ಅಜ್ಜಿ ಮಾಯ. ದುಡ್ಡಿಗೆ ಎಸ್‌ಒಪಿ ಬರೆದುಕೊಡುವವರ ಹತ್ತಿರವಂತೂ ಹೋಗಬೇಡಿ. ಇಬ್ಬರು ಗೆಳೆಯರು ಒಂದೇ ಕಡೆ ಬರೆಸಿಕೊಂಡು ಬಂದಿದ್ದರು. ಹೆಸರು, ಊರು ಬಿಟ್ಟರೆ ಎರಡೂ ಒಂದೇ! ಎರಡು ಗಂಟೆಯ ಆನ್‌ಲೈನ್ ಕೋರ್ಸುಗಳ ಸರ್ಟಿಫಿಕೇಟ್ ಕಟ್ಟೂ ಸುಮ್ನೆ ಭಾರ.

ಶಿಫಾರಸು ಪತ್ರಕ್ಕೆ ಶಾಸಕರ ಮನೆ ಬೇಡ. ಲೆಟರ್‌ಹೆಡ್ ಚೆಂದ ಇರುತ್ತದೆ, ಒಳಗೆ ನಿಮ್ಮ ಬಗ್ಗೆ ಏನೂ ಇರುವುದಿಲ್ಲ. ನಿಮ್ಮ ಪ್ರಾಜೆಕ್ಟ್ ತಿದ್ದಿದ ಸರ್ ಅಥವಾ ಮೇಡಂ ಅವರನ್ನು ತಿಂಗಳು ಮೊದಲೇ ಕೇಳಿ. ಎಸ್‌ಒಪಿ ಪ್ರತಿಯನ್ನೂ ಕೊಡಿ. ವಾರಕ್ಕೊಮ್ಮೆ ನೆನಪಿಸಿ, ನಾಚಿಕೊಳ್ಳಬೇಡಿ.

ಇಂಟರ್‌ವ್ಯೂ ಇದ್ದರೆ ನೀವು ಬರೆದದ್ದನ್ನೇ ಕೆದಕುತ್ತಾರೆ. ‘ನಿಮ್ಮ ಅಜ್ಜಿ ಗ್ರಾಮಸಭೆಗೆ ಹೋಗುತ್ತಾರಾ?’ ಅಂತ ಆ ಹುಡುಗಿಯನ್ನು ಕೇಳಿದರಂತೆ. ಇಲ್ಲ ಎಂದಳಂತೆ. ಯಾಕೆ ಅನ್ನುವುದರ ಮೇಲೆಯೇ ಉಳಿದ ಹೊತ್ತೆಲ್ಲ ಮಾತು ನಡೆಯಿತಂತೆ.