ನೇರಳೆ ನೂಲು ಮನೆಯಲ್ಲಿ ನೀಲಿಯಾದಾಗ

ಪುಣೆಯ ಕೋಥರೂಡ್‌ನಲ್ಲಿ ಕರಕುಶಲ ಮೇಳ. ನನ್ನದು ಉಣ್ಣೆ, ಹತ್ತಿ ನೂಲಿನ ಮಳಿಗೆ. ಎರಡನೇ ದಿನವೇ ಮೂವರು ಲಡಿ ವಾಪಸ್ ತಂದರು. "ಇಲ್ಲೆ ನೇರಳಿ ಇತ್ರೀ ಅಕ್ಕಾರ, ಮನ್ಯಾಗ ನೋಡಿದ್ರ ನೀಲಿ!" ಅಂದಳು ಧಾರವಾಡದ ಹುಡುಗಿ.

ಬಣ್ಣ ಹಾಕಿದವರನ್ನು ಸುಮ್ನೆ ಬೈದುಕೊಂಡೆ. ಲಡಿ ಹಿಡಿದು ಬಿಸಿಲಿಗೆ ಬಂದಾಗ ಗೊತ್ತಾಯಿತು, ತಪ್ಪು ಹಳದಿ ಬಲ್ಬಿನದು. ಸುಮಾರು 3000 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಹಳದಿ) ಆ ಬೆಳಕಿನಲ್ಲಿ ನೀಲಿಯ ಅಂಶ ಕಡಿಮೆ, ಕೆಂಪು ಜಾಸ್ತಿ. ಮಿಠಾಯಿ ಅಂಗಡಿಗೆ ಚೆಂದ, ನೂಲಿಗಲ್ಲ.

ಬಲ್ಬ್ ತೆಗೆದು 6500 ಕೆಲ್ವಿನ್‌ನ ಎರಡು ಎಲ್‌ಇಡಿ ಟ್ಯೂಬ್ ಹಾಕಿದೆ. ಕೊಳ್ಳುವಾಗ ಸಿಆರ್‌ಐ, ಅಂದರೆ ಆ ಬೆಳಕಿನಲ್ಲಿ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅನ್ನುವ ಅಂಕ, 90ಕ್ಕಿಂತ ಮೇಲಿದೆಯಾ ನೋಡಿ. ಬರೀ ಬಿಳಿ ಬೆಳಕು ಸಾಲದು. ಆದರೂ ದೊಡ್ಡ ಸ್ವೆಟರ್‌ಗೆ ಕೊಳ್ಳುವವರನ್ನು ಬಾಗಿಲ ಬೆಳಕಿಗೇ ಕಳಿಸುತ್ತೇನೆ. ಒಂದೇ ಡೈ ಲಾಟ್ (ಒಟ್ಟಿಗೆ ಬಣ್ಣ ಹಾಕಿದ ಕಂತು) ಸಂಖ್ಯೆಯ ಲಡಿಗಳನ್ನೇ ಕೊಡುತ್ತೇನೆ. ಆಮೇಲೆ ಬಣ್ಣದ ದೂರು ಬರಲಿಲ್ಲ. ಚೌಕಾಸಿ ಮಾತ್ರ ನಿಂತಿಲ್ಲ.